ಹೊಸ ಫೋನು ಕೊಟ್ಟು ಅದೇ ಸಂಜೆ ಬಸ್ಸು ಹತ್ತುವ ಮಕ್ಕಳಿಗೆ

ಬೆಂಗಳೂರು, ಮೈಸೂರು, ನಂಜನಗೂಡು ಕಡೆ ದುಡಿಯುತ್ತ, ಊರಿನಲ್ಲಿರುವ ಅಪ್ಪ-ಅವ್ವನಿಗೆ ಹೊಸ ಮೊಬೈಲು ಕೊಡಿಸುವ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಮಕ್ಕಳೇ,



ನೀವು ಹಬ್ಬಕ್ಕೆ ಬಂದು ಹೊಸ ಫೋನು ಕೊಟ್ಟು ಹೋದ ಮೇಲೆ ಊರಿನಲ್ಲಿ ಏನಾಗುತ್ತದೆ ಎಂಬುದು ನಿಮಗೆ ತಿಳಿಯುವ ದಾರಿ ಕಡಿಮೆ. ಅದನ್ನು ಹೇಳಬೇಕಾದವರ ಕೈಯಲ್ಲಿರುವ ಫೋನೇ ಅವರ ಮಾತು ಕೇಳುತ್ತಿರುವುದಿಲ್ಲ. ಹಾಗಾಗಿ ಅವರ ಪರವಾಗಿ ನಾನು ಬರೆಯುತ್ತಿದ್ದೇನೆ. ತೆರಕಣಾಂಬಿ ಕಡೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದು ನಿವೃತ್ತನಾದವನು ನಾನು. ಒಂದು ಕಾಲಕ್ಕೆ ಕಾಗದ ಓದಿಸಿಕೊಳ್ಳಲು, ಅರ್ಜಿ ಬರೆಸಿಕೊಳ್ಳಲು ಬರುತ್ತಿದ್ದವರು ಈಗ ಮೊಬೈಲು ಹಿಡಿದುಕೊಂಡು ಬರುತ್ತಾರೆ. ಯುಗಾದಿ, ಗೌರಿ ಹಬ್ಬ, ದೀಪಾವಳಿ ಕಳೆದ ವಾರವಂತೂ ನನಗೆ ಬೇರೆ ಕೆಲಸವೇ ಇರುವುದಿಲ್ಲ.

ನಿಮ್ಮನ್ನು ಬೈಯಲು ಕೂತಿಲ್ಲ. ಮೊದಲ ಬೋನಸ್ಸು ಬಂದಾಗ ಅವ್ವನಿಗೊಂದು ಫೋನು ತರಬೇಕು ಎಂದು ಮನಸ್ಸು ಬಂದದ್ದು ಸಣ್ಣ ಮಾತಲ್ಲ. ಕೊಡುವ ಕೈಯ ಬಗ್ಗೆ ನನಗೆ ತಕರಾರಿಲ್ಲ, ಕೊಟ್ಟು ಹೊರಡುವ ಅವಸರದ ಬಗ್ಗೆ ಇದೆ.

ಬರುವವರ ಮೊದಲ ದೂರು ಬಹುಪಾಲು ಒಂದೇ. "ಇದ್ರೊಳಗ ಯಾರೂ ಇಲ್ಲ ಕಣ್ ಮೇಷ್ಟ್ರೇ, ಎಲ್ಲಾರೂ ಹಳೇದ್ರಲ್ಲೇ ಉಳ್ಕಬುಟ್ರು" ಎಂದರು ಒಬ್ಬ ಅಜ್ಜಿ. ಅವರು ಹೇಳಿದ್ದು ಅಕ್ಷರಶಃ ನಿಜ. ನಿಮ್ಮ ಫೋನಿನ ನಂಬರುಗಳು ಗೂಗಲ್ ಖಾತೆಯಲ್ಲಿ ಕೂತಿರುತ್ತವೆ, ಹೊಸ ಫೋನಿಗೆ ಅದೇ ಖಾತೆ ಹಾಕಿದರೆ ತಾವಾಗಿ ಬಂದು ಬೀಳುತ್ತವೆ. ಕೀಪ್ಯಾಡ್ ಫೋನಿನಲ್ಲಿ ಹಾಗಲ್ಲ. ಒಂದಷ್ಟು ನಂಬರು ಸಿಮ್ಮಿನೊಳಗೆ, ಒಂದಷ್ಟು ಫೋನಿನೊಳಗೆ. ಸಿಮ್ಮಿನಲ್ಲಿ ಸಾಮಾನ್ಯವಾಗಿ 250 ನಂಬರಿಗೆ ಜಾಗ, ಉಳಿದದ್ದೆಲ್ಲ ಫೋನಿನ ಹೊಟ್ಟೆಗೆ. ಸಿಮ್ಮು ತೆಗೆದು ಹೊಸದಕ್ಕೆ ಹಾಕಿದಾಗ ಸಿಮ್ಮಿನಲ್ಲಿದ್ದವರು ಮಾತ್ರ ಜೊತೆಗೆ ಬರುತ್ತಾರೆ. ಮಿಕ್ಕವರು ನೀವು ಬ್ಯಾಗಿಗೆ ಹಾಕಿಕೊಂಡು ಬೆಂಗಳೂರಿಗೆ ಒಯ್ದ ಹಳೆಯ ಫೋನಿನಲ್ಲೇ ಇರುತ್ತಾರೆ.

ಅಪ್ಪನ ಫೋನಿನಲ್ಲಿ ಯಾರ್ಯಾರಿದ್ದಾರೆ ಎಂದು ನೀವು ಎಂದಾದರೂ ನೋಡಿದ್ದೀರಾ? ತೆರಕಣಾಂಬಿ ಮಾರುಕಟ್ಟೆಯ ಮಂಡಿಯವರು, ಸುಲ್ತಾನ್ ಬತ್ತೇರಿಯ ವ್ಯಾಪಾರಿ, ತರಕಾರಿ ಹೇರುವ ಗಾಡಿಯವನು, ಕೀಳಲು ಬರುವ ಆಳುಗಳ ಮೇಸ್ತ್ರಿ, ಔಷಧಿ ಅಂಗಡಿಯವನು. ನಮ್ಮ ತರಕಾರಿಯ ದೊಡ್ಡ ಪಾಲು ಕೇರಳಕ್ಕೆ ಹೋಗುತ್ತದೆ. ಬಂಡೀಪುರದ ದಾರಿ 2009ರಿಂದ ರಾತ್ರಿ 9ಕ್ಕೆ ಮುಚ್ಚಿ ಬೆಳಿಗ್ಗೆ 6ಕ್ಕೆ ತೆರೆಯುತ್ತದೆ, ಸರಕಿನ ಲಾರಿ ಅಷ್ಟರೊಳಗೆ ಕಾಡು ದಾಟಬೇಕು. ಮಧ್ಯಾಹ್ನದ ಒಂದು ಕರೆ ತಪ್ಪಿದರೆ ಇವತ್ತಿನ ಬೀನ್ಸು ನಾಳೆಯ ಬೀನ್ಸಾಗುತ್ತದೆ, ರೇಟು ಕೂಡ ನಾಳೆಯದ್ದೇ. ಕಿತ್ತಿಟ್ಟ ಕಾಯಿಯ ಮುಂದೆ ಕೂತು ಗಾಡಿಯವನ ನಂಬರಿಗಾಗಿ ಬೀದಿಯಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತಿದ್ದ ರೈತರನ್ನು ನಾನು ಕಂಡಿದ್ದೇನೆ. ಅವರ ಜೇಬಿನಲ್ಲಿ ಆಗ ಇದ್ದದ್ದು ಮಗ ತಂದ ಹೊಚ್ಚ ಹೊಸ 5ಜಿ ಫೋನು.

ನಂಬರುಗಳನ್ನು ಹೇಗೋ ಕೂಡಿಸಬಹುದು ಬಿಡಿ. ಅದಕ್ಕಿಂತ ಹೆಚ್ಚಾಗಿ ನಿಮ್ಮ ಕಣ್ಣಿಗೆ ಬೀಳದೆ ಹೋಗುವ ನಷ್ಟ ಇನ್ನೊಂದಿದೆ. ಓದು ಬಾರದ ಅವ್ವ ಹೆಸರು ಹುಡುಕಿ ಫೋನು ಮಾಡುವವರಲ್ಲ. 2 ಒತ್ತಿ ಹಿಡಿದರೆ ದೊಡ್ಡ ಮಗ, 3 ಒತ್ತಿ ಹಿಡಿದರೆ ಮೈಸೂರಿನ ಮಗಳು, ಹಸಿರು ಗುಂಡಿ ಒತ್ತಿ ಎರಡು ಸಲ ಕೆಳಗಿಳಿದರೆ ತಮ್ಮನ ಮನೆ. ಕೆಲವರು ನಂಬರಿನ ಕೊನೆಯ ಎರಡು ಅಂಕಿ ನೋಡಿಯೇ ಯಾರೆಂದು ಹೇಳಬಲ್ಲರು. ವರ್ಷಗಟ್ಟಲೆ ಬಳಸಿ ಬೆರಳಿಗೆ ಹತ್ತಿದ ವಿದ್ಯೆ ಇದು, ಕತ್ತಲಲ್ಲೂ ನಡೆಯುತ್ತಿತ್ತು. ಗಾಜಿನ ಪರದೆಯ ಮೇಲೆ ಅದು ಒಂದಿಷ್ಟೂ ನಡೆಯುವುದಿಲ್ಲ. ನಿಮಗೆ ಬಡ್ತಿ ಸಿಕ್ಕಂತೆ ಕಾಣುವುದು ಅವರಿಗೆ ಒಂದನೇ ತರಗತಿಗೆ ಮರಳಿ ಕೂರಿಸಿದಂತೆ.

ಇದಕ್ಕೆ ಮದ್ದು ನಿಮ್ಮ ಕೈಯಲ್ಲೇ ಇದೆ. ದಿನವೂ ಬೇಕಾಗುವ ನಾಲ್ಕೈದು ಜನರ ಫೋಟೊ ತೆಗೆದು ಹೋಮ್ ಸ್ಕ್ರೀನಿನ ಮೇಲೆ ದೊಡ್ಡದಾಗಿ ಕೂರಿಸಿ. ಮುಖ ಮುಟ್ಟಿದರೆ ಸೀದಾ ಕರೆ ಹೋಗುವಂತೆ ಮಾಡಬಹುದು, ಆಂಡ್ರಾಯ್ಡ್ ಫೋನುಗಳಲ್ಲಿ ಡೈರೆಕ್ಟ್ ಡಯಲ್ ಎಂಬ ವಿಜೆಟ್ಟಿದೆ. ಓದು ಬಲ್ಲವರಿಗಾದರೆ ಹೆಸರುಗಳನ್ನು ಕನ್ನಡದಲ್ಲಿ ಬರೆದು ಉಳಿಸಿ. ಕನ್ನಡ ಪೇಪರನ್ನು ಕೊನೆಯ ಪುಟದವರೆಗೆ ಓದುವ ಅಪ್ಪನ ಫೋನಿನಲ್ಲಿ ಸ್ವಂತ ತಂಗಿಯ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿಡುವುದು ಯಾವ ನ್ಯಾಯ?

ಇನ್ನು ಮೋಟರಿನ ವಿಷಯ. ಪಟ್ಟಣದಲ್ಲಿ ಹುಟ್ಟಿದ ಸೊಸೆ-ಅಳಿಯಂದಿರಿಗೆ ಇದು ಹೊಸತಿರಬಹುದು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ಬೋರ್‌ವೆಲ್ ಇರುವ ಎಷ್ಟೋ ರೈತರು ಸ್ಟಾರ್ಟರಿಗೆ ಸಿಮ್ಮು ಹಾಕುವ ಪೆಟ್ಟಿಗೆ ಕೂರಿಸಿಕೊಂಡಿದ್ದಾರೆ. ಹಾಸಿಗೆಯಲ್ಲಿ ಕೂತೇ ಮೋಟರಿಗೆ ಫೋನು ಮಾಡಬಹುದು. ಆ ಕಡೆ ಕರೆ ಎತ್ತಿಕೊಂಡ ಮೇಲೆ ಒಂದು ಗುಂಡಿ ಒತ್ತಿದರೆ ಆನ್, ಇನ್ನೊಂದು ಒತ್ತಿದರೆ ಆಫ್. ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ಇದರ ಬೆಲೆ ಗೊತ್ತಾಗುತ್ತದೆ. ಹಂಗಳ, ಮೇಲುಕಾಮನಹಳ್ಳಿ, ಕುಂದಕೆರೆ ಕಡೆಯ ಕಾಡಂಚಿನಲ್ಲಿ ಸರಿರಾತ್ರಿ ಹೊಲಕ್ಕೆ ಹೋಗುವುದೆಂದರೆ ಆನೆ, ಹಂದಿ ಎದುರಾಗಬಹುದು ಎಂದೇ ಹೊರಡಬೇಕು. ಆ ನಡಿಗೆಯನ್ನು ತಪ್ಪಿಸಿದ್ದು ಆ ಪೆಟ್ಟಿಗೆ ಮತ್ತು ಗುಂಡಿಯ ಫೋನು.

ಈಗ ಟಚ್ ಸ್ಕ್ರೀನ್ ಬಂತು. ಕರೆ ಹೋದ ಮೇಲೆ ಕಿವಿಯ ಹತ್ತಿರ ಹಿಡಿದರೆ ಪರದೆ ಕಪ್ಪಾಗುತ್ತದೆ. ಕಿವಿಯಿಂದ ತೆಗೆದರೆ ಬೆಳಕು ಬರುತ್ತದೆ, ಅಂಕಿಗಳು ಕಾಣುವುದಿಲ್ಲ. ಕೀಪ್ಯಾಡಿನ ಗುರುತು ಒತ್ತಿದರೆ ತಾನೇ ಅವು ಹೊರಬರುವುದು! ಅದನ್ನು ಹುಡುಕುವುದರೊಳಗೆ ಮೋಟರು ಕರೆ ಕಡಿದಿರುತ್ತದೆ. ಇನ್ನು ಹೊಸ ಫೋನಿನ ಜೊತೆಗೆ ನೀವು ಹೊಸ ನಂಬರನ್ನೂ ಕೊಟ್ಟಿದ್ದರೆ ಮುಗಿಯಿತು. ಇಂಥ ಪೆಟ್ಟಿಗೆಗಳಲ್ಲಿ ಹಲವು ಮೊದಲೇ ನೋಂದಾಯಿಸಿದ ನಂಬರಿಗೆ ಮಾತ್ರ ಓಗೊಡುತ್ತವೆ. ದಯವಿಟ್ಟು ಫೋನು ಕೊಟ್ಟ ದಿನವೇ ಅಪ್ಪನ ಜೊತೆ ಹೊಲಕ್ಕೆ ಹೋಗಿ, ಮೋಟರಿನ ಪಕ್ಕದಲ್ಲೇ ನಿಂತು, ಅವರ ಕೈಯಿಂದಲೇ ಅದನ್ನು ಆನ್ ಆಫ್ ಮಾಡಿಸಿ.

ಟಾರ್ಚಿನ ಮಾತೂ ಇಲ್ಲೇ ಬರಲಿ. 2003ರಲ್ಲಿ ಬಂದ ನೋಕಿಯಾ 1100 ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ನಮ್ಮಂಥ ಊರುಗಳಲ್ಲಿ ಅದನ್ನು ಕೊಂಡದ್ದು ಅದರ ನೆತ್ತಿಯ ಮೇಲಿದ್ದ ದೀಪಕ್ಕಾಗಿ ಎಂದರೂ ತಪ್ಪಿಲ್ಲ. ಒಂದು ಗುಂಡಿ ಒತ್ತಿದರೆ ಬೆಳಕು. ನಿಮ್ಮ ಸ್ಮಾರ್ಟ್‌ಫೋನಿನಲ್ಲಿ ಮೊದಲು ಪರದೆ ಎಬ್ಬಿಸಬೇಕು, ಮೇಲಿನಿಂದ ಎಳೆಯಬೇಕು, ಹತ್ತಾರು ಗುರುತುಗಳ ನಡುವೆ ಹುಡುಕಬೇಕು. ಅರಿಸಿನ, ಮಣ್ಣು, ಟೊಮೆಟೊ ಗಿಡದ ಕರೆ ಹತ್ತಿದ ಬೆರಳಿಗೆ ಪರದೆ ಒಲಿಯುವುದೂ ಕಷ್ಟ. ರೇಷನ್ ಅಂಗಡಿಯ ಯಂತ್ರಕ್ಕೆ ಹೆಬ್ಬೆಟ್ಟು ಹತ್ತದ ಅವ್ವನಿಗೆ ಫೋನಿಗೂ ಬೆರಳಿನ ಲಾಕ್ ಇಟ್ಟು ಹೋಗಿದ್ದ ಒಬ್ಬ ಮಗನನ್ನು ಬಲ್ಲೆ. ಆ ತಾಯಿ ಫೋನು ತೆರೆಯಲು ಪಕ್ಕದ ಮನೆಯ ಹುಡುಗನ ಬೆರಳನ್ನು ನೋಂದಾಯಿಸಿಕೊಂಡಿದ್ದರು. ಬ್ಯಾಂಕಿನ ಆ್ಯಪ್ ಇರುವ ಫೋನಿಗೆ ಊರವರ ಬೆರಳು!

ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಬೇಕಾದದ್ದು ಹಳೆಯ ನಂಬರಿನ ಸಂಗತಿ. "ಹೊಸ ಸಿಮ್ಮಿಗೆ ಆಫರ್ ಚೆನ್ನಾಗಿದೆ" ಎಂದು ಹಳೆಯದನ್ನು ರೀಚಾರ್ಜ್ ಮಾಡದೆ ಬಿಡುತ್ತೀರಿ. ಆ ಹಳೆಯ ನಂಬರಿಗೆ ಏನೇನು ಕಟ್ಟಿಕೊಂಡಿದೆ ಎಂದು ಒಮ್ಮೆ ಎಣಿಸಿ. ಆಧಾರ್, ಬ್ಯಾಂಕ್ ಖಾತೆ, ಅವ್ವನ ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ಮೆಸೇಜು, ಪಿಎಂ ಕಿಸಾನ್‌ನ ಒಟಿಪಿ, ಗ್ಯಾಸ್ ಸಿಲಿಂಡರ್ ಬುಕಿಂಗು, ರೈತರ ಫ್ರೂಟ್ಸ್ ನೋಂದಣಿ, ಬೆಳೆ ಸಮೀಕ್ಷೆಯ ಆ್ಯಪ್. 90 ದಿನ ಬಳಸದೆ ಬಿಟ್ಟ ನಂಬರನ್ನು ಕಂಪನಿ ರದ್ದು ಮಾಡಬಹುದು. ಆಮೇಲೆ ಕನಿಷ್ಠ 90 ದಿನ ಕಳೆದರೆ ಅದನ್ನು ಬೇರೆಯವರಿಗೆ ಕೊಡುವುದಕ್ಕೂ ಅಡ್ಡಿಯಿಲ್ಲ. ಅಂದರೆ ಅವ್ವನ ಬ್ಯಾಂಕಿನ ಒಟಿಪಿ ಎಲ್ಲೋ ಗೊತ್ತಿಲ್ಲದವರ ಜೇಬಿನಲ್ಲಿ ಸದ್ದು ಮಾಡುವ ದಿನ ಬರಬಹುದು. ಫೋನು ಬದಲಾಯಿಸಿ, ನಂಬರು ಬದಲಾಯಿಸಬೇಡಿ. ಕಂಪನಿ ಬದಲಾಯಿಸಲೇಬೇಕಿದ್ದರೆ ಅದೇ ನಂಬರು ಉಳಿಸಿಕೊಂಡು ಪೋರ್ಟ್ ಮಾಡಿಸಿ. ಅದಕ್ಕೆ ಮುಂಚೆ ಊರಿನಲ್ಲಿ, ಮನೆಯೊಳಗೆ, ಯಾವ ಕಂಪನಿಗೆ ಟವರ್ ಸಿಗುತ್ತದೆ ಎಂದು ಅಪ್ಪನನ್ನೇ ಕೇಳಿ. ಬೆಂಗಳೂರಿನಲ್ಲಿ ಓಡುವ ನೆಟ್‌ವರ್ಕು ಕಾಡಂಚಿನ ಹಟ್ಟಿಯಲ್ಲಿ ಅಂಬೆಗಾಲಿಡುತ್ತದೆ.

ಗೂಗಲ್ ಖಾತೆಯ ಕಥೆ ಇದಕ್ಕೆ ತಮ್ಮನಂಥದ್ದು. ಫೋನು ಕೊಂಡ ಅಂಗಡಿಯಲ್ಲೇ ಹುಡುಗನೊಬ್ಬ ಎರಡು ನಿಮಿಷದಲ್ಲಿ ಜಿಮೇಲ್ ಐಡಿ ಮಾಡಿಕೊಡುತ್ತಾನೆ. ಪಾಸ್‌ವರ್ಡ್ ಅವನಿಗೂ ನೆನಪಿಲ್ಲ, ನಿಮಗೂ ಗೊತ್ತಿಲ್ಲ, ಅಪ್ಪನಿಗೆ ಹಾಗೊಂದು ಇದೆ ಎಂಬುದೇ ತಿಳಿದಿಲ್ಲ. ಆರು ತಿಂಗಳು ಕಳೆದು ಪ್ಯಾಟರ್ನ್ ಮರೆತು, ಯಾರೋ ರೀಸೆಟ್ ಹೊಡೆಯುತ್ತಾರೆ. ಆಗ ಫೋನು ಹಳೆಯ ಗೂಗಲ್ ಖಾತೆಯ ಗುರುತು ಕೇಳುತ್ತ ಕೂತುಬಿಡುತ್ತದೆ. ಕಳ್ಳರಿಗೆಂದು ಇಟ್ಟ ಬೀಗ ಯಜಮಾನನನ್ನೇ ಹೊರಗೆ ನಿಲ್ಲಿಸುತ್ತದೆ. ವಾಟ್ಸ್ಆ್ಯಪ್‌ನ ಬ್ಯಾಕಪ್ಪು ಗೂಗಲ್ ಡ್ರೈವಿಗೆ ಹೋಗಿದ್ದರೆ ಅದೂ ಆ ಖಾತೆಯ ಜೊತೆಗೇ ಸಿಕ್ಕಿಹಾಕಿಕೊಳ್ಳುತ್ತದೆ. ಅದರೊಳಗೆ ಮೈಸೂರಿನ ಆಸ್ಪತ್ರೆಯ ಸ್ಕ್ಯಾನ್ ರಿಪೋರ್ಟಿದೆ, ಪಹಣಿಯ ಫೋಟೊ ಇದೆ, ಮಂಡಿಯ ತೂಕದ ಚೀಟಿಗಳಿವೆ, ಓದು ಬಾರದವರು ಪರಸ್ಪರ ಕಳಿಸಿಕೊಂಡ ವಾಯ್ಸ್ ಮೆಸೇಜುಗಳಿವೆ. ಹೊಸ ವಾಟ್ಸ್ಆ್ಯಪ್ ಹಾಕುವಾಗ "ರೀಸ್ಟೋರ್" ಎಂದು ಕೇಳುವ ಪುಟ ಬರುತ್ತದೆ, ಅಂಗಡಿಯ ಗಡಿಬಿಡಿಯಲ್ಲಿ ಅದನ್ನು "ಸ್ಕಿಪ್" ಮಾಡಿ ಮುಂದೆ ಹೋಗುತ್ತಾರೆ. ಎರಡೂ ಆಂಡ್ರಾಯ್ಡ್ ಆಗಿದ್ದರೆ 2023ರಿಂದ ಇದು ಸುಲಭವಾಗಿದೆ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು, ಕ್ಯುಆರ್ ಕೋಡ್ ತೋರಿಸಿ, ಚಾಟುಗಳನ್ನೆಲ್ಲ ನೇರವಾಗಿ ದಾಟಿಸಬಹುದು. ಹಳೆಯ ಫೋನನ್ನು ಅಂಗಡಿಗೆ ಎಕ್ಸ್‌ಚೇಂಜಿಗೆ ಕೊಡುವ ಮೊದಲು ಈ ಕೆಲಸ ಮುಗಿದಿರಬೇಕು, ಅಷ್ಟೇ.

ಆ ಗೂಗಲ್ ಖಾತೆಯ ಪಾಸ್‌ವರ್ಡನ್ನು ಒಂದು ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಜಮೀನಿನ ಪತ್ರಗಳ ಜೊತೆ ಟ್ರಂಕಿನಲ್ಲಿ ಇಡಿ. ಹಾಗೆ ಬರೆದಿಡಬಾರದು ಎಂದು ನಿಮ್ಮ ಕಂಪ್ಯೂಟರ್ ಓದಿದ ಗೆಳೆಯರು ಹೇಳಿಯಾರು. ಜಮೀನಿನ ಪತ್ರವನ್ನೇ ಕಾಯುವ ಟ್ರಂಕು ಇದನ್ನೂ ಕಾಯುತ್ತದೆ. ಯುಪಿಐ ಪಿನ್ ಮಾತ್ರ ಎಲ್ಲಿಯೂ ಬರೆಯಬೇಡಿ, ನೀವೂ ಕೇಳಿ ತಿಳಿದುಕೊಳ್ಳಬೇಡಿ.

ಯುಪಿಐ ಎಂದ ಕೂಡಲೇ ಒಂದು ಗೊಂದಲ ಬಿಡಿಸಬೇಕು. ಫೋನು ಬದಲಾದರೆ ಹಣ ಕಳಿಸುವ ಆ್ಯಪನ್ನು ಮೊದಲಿನಿಂದ ನೋಂದಾಯಿಸಬೇಕು. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮು ಅದೇ ಫೋನಿನಲ್ಲಿರಬೇಕು, ಅದರಿಂದ ಒಂದು ಎಸ್ಸೆಮ್ಮೆಸ್ ತಾನಾಗಿ ಹೋಗಬೇಕು. ರೀಚಾರ್ಜ್ ಮುಗಿದ ಸಿಮ್ಮಿನಿಂದ ಎಸ್ಸೆಮ್ಮೆಸ್ ಹೋಗುವುದಿಲ್ಲ, ಆ್ಯಪು ಸುತ್ತುತ್ತಲೇ ಇರುತ್ತದೆ, ಅಪ್ಪ "ಬ್ಯಾಂಕಿನೋರು ದುಡ್ಡು ಹಿಡ್ಕಬುಟ್ರು" ಎಂದು ಬೆಳಗಾಗುತ್ತಲೇ ಬಸ್ಸು ಹತ್ತುತ್ತಾರೆ. ಪಿನ್ ಮರೆತಿದ್ದರೆ ಎಟಿಎಂ ಕಾರ್ಡು ಅಥವಾ ಆಧಾರ್‌ನ ಒಟಿಪಿ ಬೇಕು. ಇವನ್ನೆಲ್ಲ ನೀವಿರುವಾಗಲೇ ಮುಗಿಸಿ, ಎದುರಿಗಿನ ಅಂಗಡಿಯಲ್ಲಿ ಅವರ ಕೈಯಿಂದಲೇ ಹತ್ತು ರೂಪಾಯಿ ಪಾವತಿ ಮಾಡಿಸಿ. ಮತ್ತೆ ಒಂದು ಮಾತನ್ನು ತಲೆಯಲ್ಲಿ ನಿಲ್ಲುವವರೆಗೆ ಹೇಳಿಸಿ: ದುಡ್ಡು ಬರುವುದಕ್ಕೆ ಪಿನ್ ಬೇಡ, ದುಡ್ಡು ಹೋಗುವುದಕ್ಕೆ ಮಾತ್ರ ಬೇಕು. ಮದುವೆ ಕಾಗದ ಎಂದೋ ಪಿಎಂ ಕಿಸಾನ್ ಪಟ್ಟಿ ಎಂದೋ ವಾಟ್ಸ್ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲನ್ನು ಮುಟ್ಟಬಾರದು ಎಂಬುದನ್ನೂ ಹೇಳಿ. ಮೋಸವಾದರೆ ಕೂಡಲೇ ಕರೆ ಮಾಡಬೇಕಾದ 1930 ನಂಬರನ್ನು ಫೋನಿನ ಹಿಂಬದಿಗೆ ಒಂದು ಚೀಟಿಯಲ್ಲಿ ಅಂಟಿಸಿ. ಚಂದ ಕೆಡುತ್ತದೆ, ಕೆಡಲಿ.

ಕನ್ನಡದ ವಿಷಯದಲ್ಲಿ ನನ್ನ ಮಾತು ಮೇಷ್ಟ್ರ ಮಾತಿನಂತೆ ಕೇಳಿಸಬಹುದು, ಆದರೂ ಹೇಳುತ್ತೇನೆ. ಭಾರತದಲ್ಲಿ ಮಾರುವ ಮೊಬೈಲುಗಳಲ್ಲಿ ಭಾರತೀಯ ಭಾಷೆಗಳನ್ನೆಲ್ಲ ಓದಲು ಬರಬೇಕು, ಇಂಗ್ಲಿಷ್, ಹಿಂದಿಯ ಜೊತೆ ಕನಿಷ್ಠ ಇನ್ನೊಂದು ಭಾರತೀಯ ಭಾಷೆಯಲ್ಲಿ ಬರೆಯಲು ಬರಬೇಕು ಎಂದು ಕೇಂದ್ರ ಸರ್ಕಾರ 2016ರಲ್ಲೇ ನಿಯಮ ಮಾಡಿದೆ, ಐಎಸ್ 16333 ಎಂಬ ಮಾನಕದಡಿ. ಅಂದರೆ ಕನ್ನಡ ಓದುವ ಶಕ್ತಿ ಪೆಟ್ಟಿಗೆಯೊಳಗೇ ಇದೆ, ಕೀಬೋರ್ಡು ಇಲ್ಲದಿದ್ದರೆ ಪುಕ್ಕಟೆ ಸಿಗುತ್ತದೆ. ನೀವು ಸೆಟ್ಟಿಂಗಿಗೆ ಹೋಗಿ ತೆರೆಯಬೇಕು, ಅಷ್ಟೇ. ಹಾಗಂತ ಕೇಳದೆ ಇಡೀ ಫೋನನ್ನು ಕನ್ನಡಕ್ಕೆ ತಿರುಗಿಸಬೇಡಿ. ಕೆಲವರಿಗೆ ಇಂಗ್ಲಿಷಿನ ಆಕಾರಗಳೇ ಗುರುತು, "ಸೆಟ್ಟಿಂಗು" ಎಂದರೆ ತಿಳಿಯುತ್ತದೆ, ಅದರ ಗ್ರಾಂಥಿಕ ರೂಪ ತಿಳಿಯುವುದಿಲ್ಲ. ಕೇಳಿ, ಅವರು ಹೇಳಿದಂತೆ ಮಾಡಿ. ಬರೆಯಲಾರದವರಿಗೆ ಮೈಕಿನ ಗುರುತು ಒತ್ತಿ ಮಾತಾಡಿದರೆ ಅಕ್ಷರ ಮೂಡುವುದನ್ನು ತೋರಿಸಿ. ನಮ್ಮ ಸೀಮೆಯ "ಬತ್ತೀನಿ ಕಪ್ಪ" ಎಂಬುದು ಅದಕ್ಕೆ ಪೂರ್ತಿ ದಕ್ಕುವುದಿಲ್ಲ, ಬರುವ ಅಕ್ಷರ ನೋಡಿ ಇಬ್ಬರೂ ನಕ್ಕರೆ ಪಾಠ ಅರ್ಧ ಮುಗಿದಂತೆ.

ಕ್ಯಾಮೆರಾದ ಬಗ್ಗೆ ಅಂಗಡಿಯವರು ಬಹಳ ಹೇಳುತ್ತಾರೆ. ರಸ್ತೆಬದಿಯ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವ ಪ್ರವಾಸಿಗರಿಗೆ ಅದೆಲ್ಲ ಬೇಕಾದೀತು. ಆ ಹೂವು ಬೆಳೆದವರಿಗೆ ಕ್ಯಾಮೆರಾ ಬೇಕಿರುವುದು ಎಲೆಚುಕ್ಕೆ ರೋಗದ ಫೋಟೊ ತೆಗೆದು ಔಷಧಿ ಅಂಗಡಿಗೆ ಕಳಿಸಲು. ಅದಕ್ಕೆ ಯಾವ ಫೋನಾದರೂ ಸಾಕು. ಅದರ ಬದಲು ಎಫ್‌ಎಂ ರೇಡಿಯೊ ಇದೆಯೇ, ಇಯರ್‌ಫೋನ್ ಚುಚ್ಚುವ ತೂತಿದೆಯೇ ನೋಡಿ. ಆ ತಂತಿಯೇ ರೇಡಿಯೊಗೆ ಏರಿಯಲ್. ಮೈಸೂರು ಆಕಾಶವಾಣಿಯ 100.6 ಹಾಕಿಕೊಂಡು ಕಳೆ ಕೀಳುತ್ತಿದ್ದವರು, ಹೊಸ ಫೋನಿನಲ್ಲಿ ಅದೇ ರೇಡಿಯೊಗೆ ಡೇಟಾ ಖರ್ಚು ಮಾಡಬೇಕೆಂದರೆ ಸುಮ್ಮನೆ ಬಿಟ್ಟುಬಿಡುತ್ತಾರೆ. ಮೊಬೈಲುಗಳಿಂದ ಎಫ್‌ಎಂ ತೆಗೆಯಬೇಡಿ ಎಂದು 2023ರಲ್ಲಿ ಕೇಂದ್ರವೇ ಕಂಪನಿಗಳಿಗೆ ಸಲಹೆ ಕೊಟ್ಟಿತ್ತು. ಸಲಹೆ ತಾನೆ!

ಕೊಡುವ ಮೊದಲು "ನಿಮಗೆ ಬೇಕಾ?" ಎಂದು ಕೇಳುವುದನ್ನು ಯಾಕೋ ಯಾರೂ ಮಾಡುವುದಿಲ್ಲ. ಕೀಪ್ಯಾಡ್ ಫೋನಿನಲ್ಲೂ ಹಣ ಕಳಿಸುವ ಯುಪಿಐ 123ಪೇ ಎಂಬ ವ್ಯವಸ್ಥೆ 2022ರಿಂದ ಇದೆ. ಇಂಟರ್‌ನೆಟ್ ಬೇಡದವರಿಗೆ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ರೀಚಾರ್ಜು ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2024ರ ಡಿಸೆಂಬರಿನಲ್ಲಿ ಕಂಪನಿಗಳಿಗೆ ವಿಧಿಸಿದೆ. ಬೇಡ ಎಂದವರಿಗೆ ಒಳ್ಳೆಯ ಬ್ಯಾಟರಿಯ ಇನ್ನೊಂದು ಗುಂಡಿ ಫೋನು ಕೊಡಿಸಿದರೆ ನಿಮ್ಮ ಪ್ರೀತಿಗೇನೂ ಕೊರತೆಯಾಗದು. ಅದು ನಾಲ್ಕೈದು ದಿನ ಚಾರ್ಜು ಕೇಳುವುದಿಲ್ಲ, ಕರೆಂಟು ಹೋದರೂ ಚಿಂತೆಯಿಲ್ಲ.

ಹಳೆಯ ಫೋನನ್ನು ಕೂಡಲೇ ಕಿತ್ತುಕೊಳ್ಳಬೇಡಿ. ಒಂದೆರಡು ತಿಂಗಳು ಮನೆಯಲ್ಲೇ ಚಾರ್ಜು ಹಾಕಿಕೊಂಡು ಇರಲಿ. ಹೊಸ ಫೋನಿನ ನ್ಯಾನೊ ಸಿಮ್ಮು ಹಳೆಯದರ ದೊಡ್ಡ ತೂತಿನಲ್ಲಿ ನಿಲ್ಲುವುದಿಲ್ಲ, ಸಿಮ್ಮಿನ ಜೊತೆ ಬರುವ ಪ್ಲಾಸ್ಟಿಕ್ ಚೌಕಟ್ಟನ್ನು ಬಿಸಾಡದೆ ಅದರ ಜೊತೆಗೇ ಇಡಿ. ಹಳೆ ಮೊಬೈಲಿಗೆ ಬಕೆಟ್ಟು, ಡಬ್ಬ ಕೊಡುತ್ತೇವೆ ಎಂದು ಬೀದಿಗೆ ಬರುವವರಿಗೆ ಕೊಡಬಾರದು ಎಂದು ಅವ್ವನಿಗೆ ಹೇಳಿ. ಹೀಗೆ ಸೇರಿಸಿದ ಸಾವಿರಾರು ಫೋನುಗಳನ್ನು 2024ರಲ್ಲಿ ತೆಲಂಗಾಣದ ರಾಮಗುಂಡಂ ಪೊಲೀಸರು ಹಿಡಿದರು, ಅವು ಸೈಬರ್ ವಂಚಕರ ಕೈಗೆ ಹೋಗುವಂಥವು ಎಂದರು. ಹೊಸ ಫೋನಿನ ಪೆಟ್ಟಿಗೆಯ ಮೇಲಿರುವ ಐಎಂಇಐ ನಂಬರನ್ನು ಅದೇ ಟ್ರಂಕಿನ ನೋಟ್‌ಬುಕ್ಕಿಗೆ ಬರೆಯಿರಿ. ಫೋನು ಕಳೆದರೆ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಅದನ್ನು ಬ್ಲಾಕ್ ಮಾಡಿಸಲು ಬೇಕಾಗುತ್ತದೆ.

ಇಷ್ಟೆಲ್ಲ ಮಾಡಲು ಒಂದು ದಿನ ಬೇಕು. ಆದ್ದರಿಂದ ನನ್ನ ಕೋರಿಕೆ: ಫೋನನ್ನು ಹೊರಡುವ ಹೊತ್ತಿನಲ್ಲಿ ಕೊಡಬೇಡಿ, ಬಂದ ದಿನ ಬೆಳಿಗ್ಗೆಯೇ ಕೊಡಿ. ಹೊರಡುವ ಮುನ್ನ ಒಂದು ಪರೀಕ್ಷೆ ಇಡಿ. ನೀವು ಬೀದಿಯಲ್ಲಿ ದೂರ ಹೋಗಿ ನಿಲ್ಲಿ. ಅವ್ವ ಒಳಗಿನಿಂದ ಯಾರ ಸಹಾಯವೂ ಇಲ್ಲದೆ ನಿಮಗೆ ಕರೆ ಮಾಡಲಿ. ಆಮೇಲೆ ನೀವು ಮಾಡಿ, ಅವರು ಎತ್ತಲಿ. ಹಸಿರು ಗುರುತನ್ನು ಒತ್ತುವುದಲ್ಲ, ಸರಿಸಬೇಕು ಎಂಬುದು ಬಹಳ ಜನರಿಗೆ ವಾರಗಟ್ಟಲೆ ಕೈಗೆ ಹತ್ತುವುದಿಲ್ಲ. ಕೊನೆಗೆ ಕತ್ತಲ ಕೋಣೆಯಲ್ಲಿ ಟಾರ್ಚು ಹಚ್ಚಲಿ. ಮೂರರಲ್ಲಿ ಒಂದಾದರೂ ಆಗದಿದ್ದರೆ ಸಿಮ್ಮನ್ನು ಹಳೆಯ ಫೋನಿಗೇ ಹಾಕಿ ಕೊಟ್ಟು ಹೋಗಿ. ಹೊಸದು ಮುಂದಿನ ಹಬ್ಬದವರೆಗೆ ಕಲಿಯಲು ಮನೆಯಲ್ಲಿರಲಿ.

ಇತಿ ನಿಮ್ಮ ಹಿತೈಷಿ,
ಒಬ್ಬ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ
ಗುಂಡ್ಲುಪೇಟೆ ತಾಲ್ಲೂಕು, ಚಾಮರಾಜನಗರ ಜಿಲ್ಲೆ